ಹಾಸನಕ್ಕೆ ಐದು ಸಾವಿರ ಸೀಟಿನ ಒಳಾಂಗಣ ಬಂದ್ರೆ ಗಾಯಕರೂ ಬರ್ತಾರಾ?

ಸಾಲಗಾಮೆರಸ್ತೆ | ಶನಿವಾರ ರಾತ್ರಿ 8.40
ಬಹಳ ದಿನದಿಂದ ತಲೇಲಿ ಕೊರೀತಿರೋ ವಿಷಯ ಇದು. ಬಯ್ಯೋರು ಬಯ್ಕೊಳ್ಳಿ. ನಮ್ಮೂರಿಗೆ ಒಂದು ದೊಡ್ಡ ಒಳಾಂಗಣ ಬೇಕು, ಐದು ಸಾವಿರ ಜನ ಕೂರೋ ಅಂಥದ್ದು. ಈಗ ಇರೋದೇನು ಹೇಳಿ? ಹಾಸನಾಂಬ ಕಲಾಕ್ಷೇತ್ರ ಇದೆ, ಸಾಲಗಾಮೆ ರಸ್ತೇಲಿ ಜಿಲ್ಲಾ ಕ್ರೀಡಾಂಗಣ ಇದೆ, ಮಿಕ್ಕಿದ್ದೆಲ್ಲ ಕಲ್ಯಾಣ ಮಂಟಪ. ಸಿನಿಮಾ ಗಾಯಕರ ಕಾರ್ಯಕ್ರಮ ಅಂದ್ರೆ ಬಯಲಲ್ಲೇ ಆಗ್ಬೇಕು, ಅದೂ ಮಳೆ ಇಲ್ಲದ ತಿಂಗಳಲ್ಲಿ.

ಜನ ಇಲ್ವಾ? 2011ರ ಜನಗಣತೀಲೇ ಜಿಲ್ಲೆಯಲ್ಲಿ 17.76 ಲಕ್ಷ. ಇಂಜಿನಿಯರಿಂಗ್, ಮೆಡಿಕಲ್, ಡಿಗ್ರಿ ಅಂತ ಕಾಲೇಜು ಹುಡುಗರೇ ಸಾವಿರಾರು. ಬೆಂಗಳೂರು ಸುಮಾರು 185 ಕಿ.ಮೀ., ಮಂಗಳೂರು 170, ಮೈಸೂರು 120. ಮೂರು ದೊಡ್ಡ ಊರಿನ ಮಧ್ಯೆ ಕೂತಿದ್ದೀವಿ, ಆದ್ರೂ ಎಲ್ಲರೂ ನಮ್ಮನ್ನ ದಾಟ್ಕೊಂಡು ಹೋಗ್ತಾರೆ. ಜಾಗ ಇಲ್ಲ ಅನ್ನೋದೇ ಕಾರಣ ಅಂತ ನನ್ನ ಅನಿಸಿಕೆ.

ಆಲೂಗಡ್ಡೆಸೀಮೆ | ರಾತ್ರಿ 8.52
ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಅಡಿಗಲ್ಲು ಹಾಕುದ್ರು ಕಣಪ್ಪ. ಮೊದ್ಲು ಅದ್ರಲ್ಲಿ ಯಾರಾದ್ರೂ ಇಳೀಲಿ, ಆಮೇಲೆ ಹಾಡ್ಸಾನ.

ಸಾಲಗಾಮೆರಸ್ತೆ | ರಾತ್ರಿ 8.55
ಅಣ್ಣ, ವಿಮಾನ ಬರದಿದ್ರೂ ಪರವಾಗಿಲ್ಲ, ಹೈವೇ ಇದೆಯಲ್ಲ. ಕುಣಿಗಲ್ ಮೇಲೆ ರೈಲೂ 2017ರಿಂದ ಓಡ್ತಿದೆ.

ಮೈಕ್‌ಸೆಟ್ಟು | ರಾತ್ರಿ 9.30
ಸೌಂಡು ಲೈಟು ಬಾಡಿಗೆ ಕೊಡೋ ಕೆಲಸ ನಮ್ಮದು. ಗಣಪತಿ ಪೆಂಡಾಲಿನ ರಸಮಂಜರಿಯಿಂದ ಹಿಡಿದು ಕಾಲೇಜ್ ಡೇ ತನಕ ಎಲ್ಲಾ ಮಾಡಿದ್ದೀವಿ. ಹಾಲ್ ಕಟ್ಟಿದ ಮಾತ್ರಕ್ಕೆ ಯಾರೂ ಬರಲ್ಲ. ಹಂಗಂತ ಹಾಲ್ ಬೇಡ ಅಂತನೂ ನಾನು ಹೇಳಲ್ಲ. ಹಾಲ್ ಇಲ್ಲದಿದ್ರೆ ಏನೇನು ಖರ್ಚು ಬೀಳುತ್ತೆ ಅಂತ ಕೇಳಿಸ್ಕೊಳ್ಳಿ.

ಬಯಲಲ್ಲಿ ಕಾರ್ಯಕ್ರಮ ಅಂದ್ರೆ ಒಂದು ದಿನಕ್ಕೆ ಒಂದು ಊರೇ ಕಟ್ಟಿದಂಗೆ. ಸ್ಟೇಜು ನಾವೇ ಕಟ್ಟಬೇಕು, ಅದರ ಮೇಲೆ ಟ್ರಸ್ಸು ಅಂದ್ರೆ ಲೋಹದ ಚೌಕಟ್ಟು, ಟ್ರಸ್ಸಿಗೆ ಲೈಟು. ಎಲ್‌ಇಡಿ ವಾಲ್‌ಗೆ ಹಿಂದೆ ಬೇರೆ ಆಸರೆ. ಸೆಸ್ಕ್ ಕರೆಂಟ್ ಲೈನ್ ನಂಬೋ ಹಂಗಿಲ್ಲ, ಹಾಗಾಗಿ ಎರಡು ಜನರೇಟರ್, ಒಂದು ಕೈ ಕೊಟ್ರೆ ಇನ್ನೊಂದಕ್ಕೆ. ಸುತ್ತ ತಗಡಿನ ಬೇಲಿ, ಬ್ಯಾರಿಕೇಡು, ಕುರ್ಚಿ, ಹೆಣ್ಮಕ್ಕಳಿಗೆ ಶೌಚಾಲಯ. ನೆಲ ಹಸಿ ಇದ್ರೆ ಪ್ಲೈವುಡ್ ಹಾಸಬೇಕು, ಇಲ್ಲಾಂದ್ರೆ ಲಾರಿ ಹೂತ್ಕೊಳ್ಳುತ್ತೆ. ಮೂರು ಗಂಟೆ ಹಾಡಿಗೆ ಮುಂಚೆ ಎರಡು ದಿನ, ಆಮೇಲೆ ಒಂದು ದಿನ ಕೆಲಸ. ಇಷ್ಟೂ ದುಡ್ಡು ಗಾಯಕರು ಬಾಯಿ ಬಿಡೋಕೆ ಮುಂಚೆನೇ ಖಾಲಿ.

ಹಾಲ್ ಇದ್ರೆ ಇದರಲ್ಲಿ ಅರ್ಧಕ್ಕರ್ಧ ಇಲ್ಲ. ನಿಜ. ಆದ್ರೆ ಹಾಲ್ ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ.

ಸಾಲಗಾಮೆರಸ್ತೆ | ರಾತ್ರಿ 9.34
ಎಂಥದ್ದು ಅಂದ್ರೆ? ಮೇಲೆ ಸೂರು, ಸುತ್ತ ಗೋಡೆ, ಎಸಿ. ಇನ್ನೇನು ಬೇಕು ಅಣ್ಣ?

ಮೈಕ್‌ಸೆಟ್ಟು | ರಾತ್ರಿ 9.58
ಇಲ್ಲೇ ಎಲ್ಲರೂ ಎಡವೋದು. ನಮ್ಮ ಕಡೆ ಒಳಾಂಗಣ ಅಂದ್ರೆ ಕ್ರೀಡಾ ಇಲಾಖೆ ಲೆಕ್ಕದಲ್ಲಿ ಕಟ್ತಾರೆ. ಶಟಲ್ ಆಡೋಕೆ, ಕಬಡ್ಡಿಗೆ. ಕಾಂಕ್ರೀಟ್ ಗೋಡೆ, ಮರದ ನೆಲ, ಮೇಲೆ ತಗಡಿನ ಶೀಟು. ಅಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ, ಅದು ನಾಲ್ಕೈದು ಸೆಕೆಂಡು ಸುತ್ತಾಡ್ತಾ ಇರುತ್ತೆ. ಹಾಡು ಹಾಕಿದ್ರೆ ಪಲ್ಲವಿ ಇಳಿಯೋದ್ರೊಳಗೆ ಚರಣ ಬಂದು ಮೇಲೆ ಕೂರುತ್ತೆ. ಡ್ರಮ್ಮು, ಬೇಸು ಎಲ್ಲಾ ಸೇರಿ ಗುಂಯ್ ಅನ್ನುತ್ತೆ, ಸಾಹಿತ್ಯ ಕೇಳ್ಸಲ್ಲ. ಜನ ಬಂದು ಬೈಯೋದು ನಮ್ಮನ್ನ, “ಸೌಂಡ್ ಸಿಸ್ಟಮ್ ಸರಿ ಇಲ್ಲ” ಅಂತ. ಗೋಡೆ, ಚಾವಣಿಗೆ ಧ್ವನಿ ಹೀರೋ ಹೊದಿಕೆ ಹಾಕಿಸ್ದೆ ಎಷ್ಟು ಸ್ಪೀಕರ್ ತಂದ್ರೂ ಅಷ್ಟೇ.

ಇನ್ನು ತಗಡಿನ ಮೇಲೆ ಆಷಾಢದ ಮಳೆ ಬಿದ್ರೆ ಒಳಗೆ ಪಕ್ಕದೋರ ಮಾತೂ ಕೇಳಲ್ಲ. ಮಳೆಗೆ ಅಂತ ಹಾಲ್ ಕಟ್ಟಿ, ಮಳೆ ಬಂದ್ರೆ ಕಾರ್ಯಕ್ರಮ ನಿಲ್ಲಿಸೋ ಸ್ಥಿತಿ.

ಆಮೇಲೆ ತೂಕ. ಈಗಿನ ಲೈನ್ ಅರೇ ಸ್ಪೀಕರ್ (ಒಂದರ ಕೆಳಗೊಂದು ಸಾಲಾಗಿ ಜೋಡಿಸೋವು), ಲೈಟು, ಪರದೆ ಎಲ್ಲಾ ಚಾವಣಿಗೆ ನೇತುಹಾಕಬೇಕು. ಟನ್ನುಗಟ್ಟಲೆ ಬರುತ್ತೆ. ಅದಕ್ಕೆ ಕೊಕ್ಕೆ ಎಲ್ಲಿ, ಒಂದೊಂದು ಎಷ್ಟು ತಡೆಯುತ್ತೆ ಅಂತ ನಕ್ಷೆ ಹಂತದಲ್ಲೇ ಇಂಜಿನಿಯರ್ ಬರೀಬೇಕು. ಕಟ್ಟಿ ಮುಗಿದ ಮೇಲೆ ಸೇರಿಸೋಕಾಗಲ್ಲ. ಅದಿಲ್ದಿದ್ರೆ ಒಳಗೂ ನೆಲದಿಂದಲೇ ಟ್ರಸ್ ಎಬ್ಬಿಸಬೇಕು. ಆಗ ಬಯಲಿಗೂ ಹಾಲಿಗೂ ವ್ಯತ್ಯಾಸ ಏನು ಬಂತು?

ಬೆಂಗ್ಳೂರ್‌ಸೇರ್ದೋನು | ರಾತ್ರಿ 10.20
ಹೊಳೆನರಸೀಪುರದೋನು, ಈಗ ಬೆಂಗಳೂರಲ್ಲಿ ಈವೆಂಟ್ ಕೆಲಸ. ಸಾಲಗಾಮೆರಸ್ತೆ ಗುರು, ಎಲ್ಲರೂ ನಮ್ಮನ್ನ ದಾಟ್ಕೊಂಡು ಹೋಗ್ತಾರೆ ಅಂದ್ಯಲ್ಲ, ಅದನ್ನ ಕಾರ್ಯಕ್ರಮ ಮಾಡೋರ ಕಡೆಯಿಂದ ನೋಡು. ಇಂಗ್ಲೆಂಡಿನ ಗಾಯಕ ಎಡ್ ಶೀರನ್ 2025ರ ಫೆಬ್ರವರಿ 8, 9ಕ್ಕೆ ಹಾಡಿದ್ದು ನೈಸ್ ಗ್ರೌಂಡ್ಸ್‌ನಲ್ಲಿ. 2024ರ ಡಿಸೆಂಬರ್‌ನಲ್ಲಿ ದಿಲ್ಜಿತ್ ದೋಸಾಂಜ್ ಕೂಡ ಅಲ್ಲೇ. ಅದು ಎಲ್ಲಿದೆ? ತುಮಕೂರು ರಸ್ತೆ, ಮಾದಾವರ. ಹಾಸನದಿಂದ ಹೊರಟು ಕುಣಿಗಲ್ ದಾಟಿ ನೆಲಮಂಗಲಕ್ಕೆ ಬಂದ್ರೆ ಅಲ್ಲಿಂದ ಹತ್ತಿರವೇ. ಬೆಂಗಳೂರಿನ ಟ್ರಾಫಿಕ್ ಒಳಗೆ ಕಾಲೇ ಇಡ್ಬೇಕಿಲ್ಲ. ವೈಟ್‌ಫೀಲ್ಡ್‌ನೋನು ಅಲ್ಲಿಗೆ ಬರೋ ಹೊತ್ತಿಗೆ ಚನ್ನರಾಯಪಟ್ಟಣದೋನು ಬಂದು ಇಡ್ಲಿ ತಿಂದಿರ್ತಾನೆ.

ಅಂದ್ರೆ ಹಾಸನದ ಟಿಕೆಟ್ ಕೊಳ್ಳೋ ಜನ ಆಗಲೇ ಬೆಂಗಳೂರಿನ ಲೆಕ್ಕದಲ್ಲಿದ್ದಾರೆ. ಅವರಿಗೋಸ್ಕರ ಬೇರೆ ಶೋ ಯಾಕೆ ಹಾಕ್ತಾರೆ? ಮೇಲಾಗಿ ದೊಡ್ಡ ಕಲಾವಿದರ ಕರಾರಲ್ಲಿ ಒಂದು ಷರತ್ತು ಸಾಮಾನ್ಯ, ಇಂತಿಷ್ಟು ಕಿಲೋಮೀಟರ್ ಒಳಗೆ ಇಂತಿಷ್ಟು ದಿನ ಇನ್ನೊಂದು ಕಾರ್ಯಕ್ರಮ ಕೊಡಬಾರದು ಅಂತ. ಬೆಂಗಳೂರಿಗೆ ಕೋಟಿಗಟ್ಟಲೆ ಹಾಕಿದ ಆಯೋಜಕ ಹಾಸನದಲ್ಲಿ ಅರ್ಧ ರೇಟಿಗೆ ಹಾಡೋಕೆ ಬಿಡಲ್ಲ.

ಅಲ್ಲದೆ ನೈಸ್ ಗ್ರೌಂಡ್ಸ್ ಅಂದ್ರೆ ಬರೀ ಬಯಲು. ಅಷ್ಟು ದೊಡ್ಡ ಬೆಂಗಳೂರಿಗೇ ಸಂಗೀತಕ್ಕೆ ಅಂತ ಕಟ್ಟಿದ ದೊಡ್ಡ ಅರೇನಾ ಇಲ್ಲ. ಆದ್ರೂ ಶೋ ನಿಂತಿಲ್ಲ.

ಲೆಕ್ಕದಕ್ಕ | ರಾತ್ರಿ 10.47
ಎಲ್ಲರೂ ಕಟ್ಟಡದ ಬಗ್ಗೆ ಮಾತಾಡ್ತಿದ್ದೀರಿ. ನಾನು ಒಂದು ಸಂಜೆಯ ಲೆಕ್ಕ ಹಾಕ್ತೀನಿ. ಊಹೆಯ ಅಂಕಿ, ನಿಮಗೆ ಬೇಕಾದಂಗೆ ಬದಲಾಯಿಸ್ಕೊಳ್ಳಿ.

5,000 ಸೀಟಲ್ಲಿ 3,000 ಹೋಯ್ತು ಅನ್ಕೊಳ್ಳಿ. ಹಾಸನಕ್ಕೆ ಅದು ದೊಡ್ಡ ಮಾತು. ಟಿಕೆಟ್ ಸರಾಸರಿ 500 ರೂಪಾಯಿ. 15 ಲಕ್ಷ ಬಂತು. 500 ಯಾಕೆ ಅಂದ್ರೆ, ತಲೆಗೆ 500ರ ತನಕ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಅದನ್ನ ದಾಟಿದ್ರೆ ಶೇ 18. 600ರ ಟಿಕೆಟ್ ಇಟ್ರೆ ಕೊಳ್ಳೋನ ಕೈಯಿಂದ 708 ಹೋಗುತ್ತೆ. ಹಾಗಾಗಿ ಸಣ್ಣ ಊರಲ್ಲಿ 499 ಅನ್ನೋ ಬೋರ್ಡೇ ಜಾಸ್ತಿ.

ಈಗ ಕಳೀರಿ. ಐದು ಸಾವಿರ ಸೀಟಿನ ಎಸಿ ಹಾಲಿನ ಬಾಡಿಗೆ, ಕರೆಂಟು. ಸೌಂಡು, ಲೈಟು, ಪರದೆ. ಹಾಡಿನ ಹಕ್ಕಿಗೆ ಐಪಿಆರ್‌ಎಸ್ (ಹಾಡು ಬರೆದೋರು, ರಾಗ ಹಾಕಿದೋರ ಸಂಸ್ಥೆ) ಲೈಸೆನ್ಸು. ಪೊಲೀಸ್ ಬಂದೋಬಸ್ತು, ಅಗ್ನಿಶಾಮಕ ಅನುಮತಿ, ಆಂಬುಲೆನ್ಸು. ಟಿಕೆಟ್ ಮಾರೋ ಆ್ಯಪಿನ ಕಮಿಷನ್. ಗಾಯಕರ ಜೊತೆ ಬರೋ ವಾದ್ಯದೋರು, ಅವರ ಸೌಂಡ್ ಇಂಜಿನಿಯರ್, ಎಲ್ಲರಿಗೂ ರೂಮು, ಊಟ, ಗಾಡಿ. ಉಳಿದಿದ್ದರಲ್ಲಿ ಸಂಭಾವನೆ. ಮುಂಬೈನಲ್ಲಿ ಹೆಸರು ಮಾಡಿದ ಗಾಯಕರ ಮ್ಯಾನೇಜರ್ ಇಷ್ಟಕ್ಕೆ ಫೋನೇ ಎತ್ತಲ್ಲ. 

ಈಗ ಅದೇ ಊರಲ್ಲಿ 800 ಸೀಟು, 700 ಜನ, ಅದೇ 500 ರೂಪಾಯಿ. ಮೂರೂವರೆ ಲಕ್ಷ. ಕನ್ನಡದ ಒಂದು ಒಳ್ಳೆ ಬ್ಯಾಂಡು, ಒಂದು ಗಜಲ್ ಸಂಜೆ, ಒಬ್ಬ ಹಾಸ್ಯಗಾರ, ಇವಕ್ಕೆ ಇದು ಕೂಡಿ ಬರುತ್ತೆ. ನನ್ನ ಕೇಳಿದ್ರೆ ಮಾತಾಡಬೇಕಾದ್ದು ಈ ಗಾತ್ರದ ಬಗ್ಗೆ.

ಆಲೂಗಡ್ಡೆಸೀಮೆ | ರಾತ್ರಿ 11.02
ಅಕ್ಕ, ನಿಮ್ ಲೆಕ್ಕದಾಗೆ ಒಂದು ಬಿಟ್ಟೋಗೈತೆ. ಪಾಸು.

ಮೈಕ್‌ಸೆಟ್ಟು | ರಾತ್ರಿ 11.10
ಹೇಳಿದ್ಯಲ್ಲಪ್ಪ ಒಂದು ಮಾತು! ನಮ್ಮೂರಲ್ಲಿ ಕಾರ್ಯಕ್ರಮ ಅನೌನ್ಸ್ ಆದ ಸಂಜೆಯಿಂದ ಫೋನು. “ಟಿಕೆಟ್ ಎಷ್ಟು” ಅಂತ ಒಬ್ಬರೂ ಕೇಳಲ್ಲ, “ಪಾಸ್ ಐತಾ” ಅಂತಾರೆ. ಅನುಮತಿ ಕೊಡೋ ಪ್ರತಿ ಟೇಬಲ್ಲಿಗೂ ಒಂದು ಕಟ್ಟು. ಶಾಮಿಯಾನದೋರಿಗೆ, ಬ್ಯಾನರ್ ಹಾಕಿದೋರಿಗೆ, ಪ್ರಾಯೋಜಕರ ಭಾವಮೈದನಿಗೆ. ಕೊನೆಗೆ ಮುಂದಿನ ಸಾಲೆಲ್ಲ ಪಾಸಿನೋರೇ. ಅವರು ಬರೋದು ಎಂಟೂವರೆಗೆ, ಎದ್ದು ಹೋಗೋದು ಒಂಬತ್ತಕ್ಕೆ. ದುಡ್ಡು ಕೊಟ್ಟೋನು ಹಿಂದೆ ನಿಂತು ಅವರ ಖಾಲಿ ಸೋಫಾ ನೋಡ್ತಾನೆ. ಇನ್ನೊಂದ್ಸಲ ಅವನು ಬರ್ತಾನಾ?

ನನ್ನ ಕಣ್ಣಾರೆ ಕಂಡಿದ್ದು. ಒಬ್ಬ ಹುಡುಗ ಮನೆ ಸೈಟ್ ಮೇಲೆ ಸಾಲ ತಗೊಂಡು ಕಾರ್ಯಕ್ರಮ ಮಾಡ್ದ. ಮೈದಾನ ತುಂಬಿತ್ತು. ಡಬ್ಬಿ ಖಾಲಿ. ಈಗ ಅವನು ಮದುವೆ ಡೆಕೋರೇಷನ್ ಮಾತ್ರ ಮಾಡೋದು, ಸಂಗೀತ ಅಂದ್ರೆ ಕೈ ಮುಗೀತಾನೆ.

ಸಾಲಗಾಮೆರಸ್ತೆ | ಭಾನುವಾರ ಬೆಳಿಗ್ಗೆ 7.45
ಎಲ್ಲಾ ಓದಿದೆ. ಆದ್ರೆ ಶಿಲ್ಲಾಂಗ್ ನೋಡಿ. ಅದೇ ಎಡ್ ಶೀರನ್ ಬೆಂಗಳೂರಾದ ಮೂರೇ ದಿನಕ್ಕೆ, ಫೆಬ್ರವರಿ 12ಕ್ಕೆ ಅಲ್ಲಿ ಹಾಡಿದ. 2024ರ ಡಿಸೆಂಬರ್‌ನಲ್ಲಿ ಕೆನಡಾದ ಗಾಯಕ ಬ್ರಯಾನ್ ಆಡಮ್ಸ್ ಕೂಡ ಹೋಗಿದ್ದ. 2011ರ ಪ್ರಕಾರ ಶಿಲ್ಲಾಂಗ್ ನಗರದ ಜನಸಂಖ್ಯೆ 1.43 ಲಕ್ಷ, ಹಾಸನ ನಗರ 1.33 ಲಕ್ಷ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲ್ಲ?

ಲೆಕ್ಕದಕ್ಕ | ಬೆಳಿಗ್ಗೆ 8.20
ಒಳ್ಳೆ ಉದಾಹರಣೆ, ಆದ್ರೆ ನಿನ್ನ ವಾದಕ್ಕೆ ಅಲ್ಲ, ನನ್ನ ವಾದಕ್ಕೆ! ಎಡ್ ಶೀರನ್ ಹಾಡಿದ್ದು ಅಲ್ಲಿ ಮೊದಲಿಂದ ಇದ್ದ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ. ಹೊಸದಾಗಿ ಅರೇನಾ ಕಟ್ಟಿದ್ದಕ್ಕೆ ಬಂದಿದ್ದಲ್ಲ. ಮೇಘಾಲಯ ಸರ್ಕಾರ ಸಂಗೀತವನ್ನ ಪ್ರವಾಸೋದ್ಯಮದ ಭಾಗ ಅಂತ ಹಿಡ್ಕೊಂಡು ಬೆನ್ನಿಗೆ ನಿಂತಿದೆ. ಊರೂರಿನ ಕಲಾವಿದರಿಗೆ ವೇದಿಕೆ, ಸಂಭಾವನೆ ಕೊಡೋ ಯೋಜನೆಯೇ ಇದೆ. ಚೆರಿ ಹೂವಿನ ಕಾಲಕ್ಕೆ ಹಬ್ಬ ಮಾಡ್ತಾರೆ. ಅಲ್ಲಿ ಮನೆಮನೇಲಿ ಗಿಟಾರ್.

ಮತ್ತೆ ಆ 1.43 ಲಕ್ಷ ಪಟ್ಟಣದ ಗಡಿಯೊಳಗಿನ ಲೆಕ್ಕ. ಸುತ್ತಲಿನ ಪಟ್ಟಣ ಸೇರಿಸಿದ್ರೆ 3.5 ಲಕ್ಷ ದಾಟುತ್ತೆ. ಗುವಾಹಟಿ 100 ಕಿ.ಮೀ. ಇಡೀ ಈಶಾನ್ಯಕ್ಕೆ ಅದೊಂದು ಕೇಂದ್ರ. ಅಲ್ಲಿ ಪಕ್ಕದಲ್ಲಿ ಬೆಂಗಳೂರು ಅಂತ ಒಂದಿಲ್ಲ.

ನಮ್ಮಲ್ಲೂ ಸರ್ಕಾರ ದುಡ್ಡು ಹಾಕಿದ ಕಡೆ ಬಂದಿದ್ದಾರೆ. 2024ರ ಯುವ ದಸರಾನ ಮೈಸೂರು ಹೊರಗೆ ಉತ್ತನಹಳ್ಳಿ ಬಯಲಿಗೆ ಹಾಕಿದ್ರು. ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜಾ ಎಲ್ಲಾ ಬಂದು ಹಾಡಿ ಹೋದ್ರು. ಅದು ಬರೀ ಹೊಲದಂಥ ಜಾಗ.

ಘಟ್ಟದಂಚು | ಬೆಳಿಗ್ಗೆ 9.05
ಸಕಲೇಶಪುರದಿಂದ ನಮಸ್ಕಾರ ಮಾರಾಯ್ರೆ. ನಾವು ಹಾಡು ಕೇಳೋಕೆ ಹಾಸನಕ್ಕೆ ಬರೋದಕ್ಕಿಂತ ಶಿರಾಡಿ ಇಳಿದು ಮೂಡುಬಿದಿರೆಗೆ ಹೋಗೋದೇ ಹೆಚ್ಚು. ಆಳ್ವಾಸ್ ವಿರಾಸತ್‌ಗೆ. ಡಿಸೆಂಬರ್ ಚಳಿ, ದೊಡ್ಡ ಬಯಲು ವೇದಿಕೆ, ಟಿಕೆಟ್ ಇಲ್ಲ. ಹಿಂದೂಸ್ತಾನಿ, ಕರ್ನಾಟಕ ಸಂಗೀತ, ಸಿನಿಮಾ ಗಾಯಕರು, ಒಡಿಶಾ, ಮಣಿಪುರದ ಕುಣಿತ, ಎಲ್ಲಾ ಒಂದೇ ಕಡೆ. ಮೂಡುಬಿದಿರೆ ಎಷ್ಟು ದೊಡ್ಡ ಊರು? ಹಾಸನದ ಒಂದು ಮೂಲೆ. ಅಲ್ಲಿ ಒಬ್ಬರು ಡಾಕ್ಟರು, ಒಂದು ವಿದ್ಯಾಸಂಸ್ಥೆ ಹಟ ಹಿಡಿದು ವರ್ಷ ವರ್ಷ ಮಾಡಿದ್ರು. ಹಾಗಾಗಿ ದೊಡ್ಡೋರು ಬರ್ತಾರೆ. ಸಾವಿರಾರು ವಿದ್ಯಾರ್ಥಿಗಳೇ ಸ್ವಯಂಸೇವಕರು, ಅವರೇ ಪ್ರೇಕ್ಷಕರು.

ನಮ್ಮ ಜಿಲ್ಲೆಯ ಕಾಲೇಜುಗಳೂ ಫೆಸ್ಟಿಗೆ ಗಾಯಕರನ್ನ ಕರೆಸ್ತವೆ. ಆದ್ರೆ ಗೇಟ್ ಹಾಕಿ, ಐಡಿ ಕಾರ್ಡ್ ಇದ್ದೋರಿಗೆ ಮಾತ್ರ.

ರುದ್ರಪಟ್ಟಣದ_ಮೊಮ್ಮಗಳು | ಬೆಳಿಗ್ಗೆ 9.40
ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಜಿಲ್ಲೆಯಲ್ಲೇ, ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ರುದ್ರಪಟ್ಟಣ ಸಹೋದರರು ಅಂತ ದೇಶವೆಲ್ಲ ಕರೆದ ತ್ಯಾಗರಾಜನ್, ತಾರಾನಾಥನ್ ಅವರ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಕಟ್ಟಿಸಿ, ಸಂಗೀತೋತ್ಸವ ನಡೆಸಿಕೊಂಡು ಬಂದಿದ್ದಾರೆ. ಬೆಂಗಳೂರು, ಮೈಸೂರಿಂದ ವಿದ್ವಾಂಸರು ಆ ಹಳ್ಳಿಗೆ ಬಂದು ಹಾಡುತ್ತಾರೆ. ಈ ಚರ್ಚೆಯಲ್ಲಿ ಇಷ್ಟು ಹೊತ್ತಾದರೂ ಯಾರ ಬಾಯಲ್ಲೂ ಆ ಹೆಸರು ಬರಲಿಲ್ಲ, ಅದು ನನಗೆ ಸೋಜಿಗ.

ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳೂ ಹಾಗೇ. ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಕರ್ನಾಟಕ ಸಂಗೀತದ ಹೆಸರಾಂತರೆಲ್ಲ ಬಂದು ಹಾಡಿದ್ದು ಚಪ್ಪರದಲ್ಲಿ.

ಸಾಲಗಾಮೆರಸ್ತೆ | ಬೆಳಿಗ್ಗೆ 9.52
ಅಮ್ಮ, ಗೌರವ ಇಟ್ಕೊಂಡೇ ಹೇಳ್ತೀನಿ, ಅದು ಬೇರೆ ಲೋಕ. ನೆಲದ ಮೇಲೆ ಕೂತು ಕೇಳೋ ಸಂಗೀತಕ್ಕೆ ಒಂದು ಮೈಕು ಸಾಕು. ನಾನು ಹೇಳ್ತಿರೋದು ಇಪ್ಪತ್ತು ವರ್ಷದ ಹುಡುಗರು ನಿಂತು ಕುಣಿಯೋ ಅಂಥದ್ದು.

ರುದ್ರಪಟ್ಟಣದ_ಮೊಮ್ಮಗಳು | ಬೆಳಿಗ್ಗೆ 10.15
ಕುಣಿಯಲಿ ಮಗೂ, ಬೇಡ ಅಂದವರು ಯಾರು. ಆದರೆ ಮೂರು ಸಾವಿರ ಜನ ಕುಣಿಯಬೇಕಾದರೆ ಮೊದಲು ಮುನ್ನೂರು ಜನಕ್ಕೆ ಟಿಕೆಟ್ ತೆಗೆದು ಕೇಳುವ ರೂಢಿ ಬರಬೇಕು. ಆ ಮುನ್ನೂರು ಈಗ ಹಾಸನದಲ್ಲಿ ಇದ್ದಾರೆಯೇ ಅಂತ ನನಗೆ ಗುಮಾನಿ.

ಚಿಕ್ಕಮಗಳೂರಿನೋನು | ಮಧ್ಯಾಹ್ನ 12.30
ಪಕ್ಕದ ಜಿಲ್ಲೆಯೋನು ಮೂಗು ತೂರಿಸ್ತಿದ್ದೀನಿ, ಕ್ಷಮಿಸಿ. ಕಟ್ಟೋದಾದ್ರೆ ನಮ್ಮಲ್ಲಿ ಕಟ್ಟಿ ಮಾರಾಯ್ರೆ. ಶುಕ್ರವಾರ ರಾತ್ರಿಯಿಂದ ಬೆಂಗಳೂರಿನ ಅರ್ಧ ಕಾರು ಇಲ್ಲೇ ಇರುತ್ತೆ. ಮುಳ್ಳಯ್ಯನಗಿರಿ ನೋಡಿ ಆರು ಗಂಟೆಗೆ ಇಳಿದು ಬಂದ್ರೆ ಆಮೇಲೆ ಅವರಿಗೆ ಮಾಡೋಕೆ ಏನೂ ಇಲ್ಲ, ಎಂ.ಜಿ. ರೋಡಲ್ಲಿ ಕಾಫಿಪುಡಿ ಕೊಳ್ತಾರೆ, ಅಷ್ಟೇ. ರೂಮಿದೆ, ದುಡ್ಡಿದೆ, ಶನಿವಾರ ಸಂಜೆ ಖಾಲಿ ಇದೆ. ಹಾಸನಕ್ಕೆ ಪ್ರೇಕ್ಷಕರನ್ನ ಹುಡುಕಬೇಕು, ನಮ್ಮಲ್ಲಿ ಅವರೇ ಬಂದು ಕೂತಿದ್ದಾರೆ.

ಈಗ ನಮಗಿರೋದು ಕುವೆಂಪು ಕಲಾಮಂದಿರ. 2023ರ ಜನವರಿಯಲ್ಲಿ ಚಿಕ್ಕಮಗಳೂರು ಹಬ್ಬ ಅಂತ ಮಾಡಿದ್ರು, ಊರಿಗೆ ಊರೇ ಬಂದಿತ್ತು. ಆ ರುಚಿ ಹತ್ತಿದ ಜನ ಇದ್ದಾರೆ.

ಘಟ್ಟದಂಚು | ಮಧ್ಯಾಹ್ನ 12.48
ನಿಮ್ಮೂರಿನ ರಸ್ತೆ ಈಗಿರೋ ಕಾರಿಗೇ ಸಾಲ್ತಿಲ್ಲ. ಗಿರಿ ಮೇಲೆ ವಾಹನಕ್ಕೆ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಿದ್ದು ಯಾಕೆ? ಇನ್ನು ಇವರನ್ನ ಕುಣಿಸೋಕೆ ಬೇರೆ ಕರೀತೀರಾ? ಇದೂ ಒಂದು, ಜನವರಿ ಅಂದ್ರೆ ಕಾಫಿ ಕೊಯ್ಲು. ತೋಟದೋರು ಯಾರೂ ಬಿಡುವಾಗಿರಲ್ಲ.

ಬೇಲೂರುಹೈದ | ಮಧ್ಯಾಹ್ನ 1.20
ಬೇಲೂರಲ್ಲೇ ಮಾಡ್ರಪ್ಪ! 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, ನವರಂಗದ ಮಧ್ಯೆ ಶಾಂತಲೆ ಕುಣಿದಳು ಅಂತ ಹೇಳೋ ದುಂಡನೆ ಜಗಲಿ. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರ್ತು. ಇದಕ್ಕಿಂತ ವೇದಿಕೆ ಬೇಕಾ?

ಲೆಕ್ಕದಕ್ಕ | ಮಧ್ಯಾಹ್ನ 1.31
ಭರತನಾಟ್ಯಕ್ಕೆ ಸರಿ ತಮ್ಮ. ಪುರಾತತ್ವ ಇಲಾಖೆ ಒಪ್ಪಬೇಕು, ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧಿತ. ಅಲ್ಲಿ ಗುಡುಗೋ ಬೇಸ್ ಸ್ಪೀಕರ್ ಇಡ್ತೀನಿ ಅಂತ ಅರ್ಜಿ ಹಾಕಿ ನೋಡು!

ಕೋರ್ಟ್‌ರೋಡ್ | ಮಧ್ಯಾಹ್ನ 3.10
ಹಾಲಿನ ಪರ ಒಂದು ಮಾತು ಯಾರೂ ಆಡಿಲ್ಲ, ನಾನು ಆಡ್ತೀನಿ. ಶಬ್ದ ಮಾಲಿನ್ಯ ನಿಯಮ, 2000. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಂದ್. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದೊಳಗೆ, ಒಳಗಿನವರಿಗಾಗಿ ಬಳಸೋದಕ್ಕೆ ಅದರಲ್ಲಿ ವಿನಾಯಿತಿ ಇದೆ. ಬಯಲಲ್ಲಿ ಮಧ್ಯರಾತ್ರಿ 12ರ ತನಕ ಅಂದ್ರೆ ರಾಜ್ಯ ಸರ್ಕಾರವೇ ಬಿಡಬೇಕು, ಅದೂ ಹಬ್ಬ ಉತ್ಸವಕ್ಕೆ, ವರ್ಷಕ್ಕೆ 15 ದಿನ ಮೀರದಂತೆ. ನಮ್ಮೂರಲ್ಲಿ ಆ ದಿನಗಳಿಗೆ ಗಣಪತಿ, ರಾಜ್ಯೋತ್ಸವ ಅಂತ ಕ್ಯೂ ಇರುತ್ತೆ. ಮಾರ್ಚ್ ಬಂದ್ರೆ ಪರೀಕ್ಷೆ, ಯಾರಾದರೂ ಒಬ್ಬ ಪೋಷಕ ದೂರು ಕೊಟ್ರೆ ಸಾಕು. ಮಳೆಗಾಲ ಹೋಯ್ತು, ಪರೀಕ್ಷೆ ಹೋಯ್ತು, ಹಾಸನಾಂಬೆ ಬಾಗಿಲು ತೆರೆದಾಗ ಪೊಲೀಸರು ಒಬ್ಬರೂ ಸಿಗಲ್ಲ. ಬಯಲಿಗೆ ಉಳಿದ ತಿಂಗಳು ಎಷ್ಟು ಎಣಿಸಿ. ಒಳ್ಳೆ ಗೋಡೆ ಇರೋ ಹಾಲ್ ಇದ್ರೆ ವರ್ಷಪೂರ್ತಿ ದಾರಿ ತೆರೆಯುತ್ತೆ.

ಎರಡನೆಯದು ಜನಸಂದಣಿ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿಯಲ್ಲಿ 11 ಜನ ಸತ್ತಿದ್ದು ಕ್ರೀಡಾಂಗಣದ ಒಳಗಲ್ಲ, ಗೇಟಿನ ಹೊರಗೆ. ಆಮೇಲಿಂದ ಅನುಮತಿ ಕೊಡೋ ಅಧಿಕಾರಿಗೂ ಕೈ ನಡುಗುತ್ತೆ. ಸೀಟಿಗೆ ನಂಬರ್ ಇರೋ, ಬಾಗಿಲು ಎಣಿಸಿಟ್ಟಿರೋ ಕಟ್ಟಡಕ್ಕೆ ಸಹಿ ಹಾಕೋದು ಸುಲಭ. ಕಟ್ಟೋರು ಗೇಟಿನ ಎದುರು ಬಿ.ಎಂ. ರಸ್ತೆ ಬರೋ ಹಾಗೆ ಮಾತ್ರ ಇಡಬಾರದು. ಬಾಗಿಲಿಗೂ ರಸ್ತೆಗೂ ಮಧ್ಯೆ ಜನ ನಿಲ್ಲೋ ಅಂಗಳ ಬೇಕು.

ರಂಗದಮೇಷ್ಟ್ರು | ಸಂಜೆ 5.00
ಕೋರ್ಟ್‌ರೋಡ್ ವಕೀಲರ ಮಾತು ಸರಿ. ಆದರೆ ಕಟ್ಟಿದ ಮೇಲೆ ಆ ಹಾಲು ಯಾರ ಕೈಯಲ್ಲಿರುತ್ತದೆ ಎನ್ನುವುದನ್ನೂ ಕೇಳಿ. ನಾವು ಒಂದು ಊರಿನಲ್ಲಿ ನಾಟಕಕ್ಕೆಂದು ರಂಗಮಂದಿರ ಕಾಯ್ದಿರಿಸಿ, ಹಣ ಕಟ್ಟಿ, ಕರಪತ್ರ ಹಂಚಿಯಾಗಿತ್ತು. ಹಿಂದಿನ ದಿನ ಫೋನು ಬಂತು, ಸರ್ಕಾರಿ ಸಭೆ ಇದೆ, ನಿಮ್ಮದು ಮುಂದಕ್ಕೆ ಹಾಕಿಕೊಳ್ಳಿ ಎಂದು. ಹೊರ ಊರಿನ ತಂಡ ಇಂಥ ಹಾಲನ್ನು ಎರಡನೆಯ ಸಲ ನಂಬುವುದಿಲ್ಲ. ಐದು ಸಾವಿರ ಸೀಟಿನದಾದರೆ ಇನ್ನೂ ಕಷ್ಟ, ಪಕ್ಷಗಳ ಸಮಾವೇಶಕ್ಕೆ ಅದೇ ಅಳತೆ. ನಿರ್ವಹಣೆಗೆ ದುಡ್ಡು ಬೇಕೆಂದು ಮದುವೆಗೆ ಬಿಟ್ಟರಂತೂ ಮುಗಿಯಿತು, ಒಳ್ಳೆಯ ಮುಹೂರ್ತದ ದಿನಗಳೆಲ್ಲ ವರ್ಷ ಮೊದಲೇ ಹೋಗಿಬಿಡುತ್ತವೆ. ಉಳಿದ ದಿನ ಸೀರೆ, ಸೋಫಾ ಮಾರಾಟ ಮೇಳ.

2004ರಲ್ಲಿ ತೆರೆದ ಬೆಂಗಳೂರಿನ ರಂಗಶಂಕರ ನೋಡಿ. ಮುನ್ನೂರು ಚಿಲ್ಲರೆ ಸೀಟು. ದಿನಕ್ಕೊಂದು ನಾಟಕ ಎನ್ನುವ ಹಟ, ತಂಡಗಳಿಗೆ ಕೈಗೆಟುಕುವ ಬಾಡಿಗೆ, ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ, ಯಾರೇ ಆಗಲಿ. ಇಪ್ಪತ್ತು ವರ್ಷದಲ್ಲಿ ಅದು ಪ್ರೇಕ್ಷಕರನ್ನೇ ಬೆಳೆಸಿದೆ. ಹೆಗ್ಗೋಡಿನ ನೀನಾಸಮ್ 1985ರಿಂದ ಊರೂರಿಗೆ ನಾಟಕ ಒಯ್ಯುವ ತಿರುಗಾಟ ನಡೆಸುತ್ತಿದೆ, ಯಾವ ಊರಿನಲ್ಲಿ ಕರೆಯುವವರು ಇದ್ದಾರೋ ಆ ಊರಿಗೆ ಲಾರಿ ಬರುತ್ತದೆ. ಹಿಂದೆ ಗುಬ್ಬಿ ನಾಟಕ ಕಂಪನಿಯವರು ತಮ್ಮ ಥಿಯೇಟರನ್ನೇ ಹೊತ್ತು ಊರೂರಲ್ಲಿ ಕ್ಯಾಂಪ್ ಹಾಕುತ್ತಿದ್ದರು. ಊರಿಗೆ ಹಾಲು ಇದೆಯೋ ಇಲ್ಲವೋ ಎಂದು ಅವರು ಕೇಳಲಿಲ್ಲ, ಕಲೆಕ್ಷನ್ ಆಗುತ್ತದೆಯೋ ಎಂದು ಕೇಳಿದರು.

ಆಲೂಗಡ್ಡೆಸೀಮೆ | ಸಂಜೆ 5.20
ಶ್ರವಣಬೆಳಗೊಳ ಮರ್ತ್ರಾ? 2018ರ ಮಹಾಮಸ್ತಕಾಭಿಷೇಕಕ್ಕೆ ತಾತ್ಕಾಲಿಕ ಉಪನಗರಗಳ್ನೇ ಎಬ್ಬಿಸುದ್ರು. ಬೆಟ್ಟದ ಮೇಲೆ ಗೊಮ್ಮಟನ ಹಿಂದೆ ಕಬ್ಬಿಣದ ಅಟ್ಟಣಿಗೆ. ಮುಗುದ್ ಮೇಲೆ ಬಿಚ್ಕೊಂಡು ಹೋದ್ರು. ನಮ್ ಜಿಲ್ಲೆಗೆ ಬಿಚ್ಚೋ ವಿದ್ಯೆನೂ ಗೊತ್ತೈತೆ. ಒಂದ್ ದಿನದ್ ಕಾರ್ಯಕ್ರಮಕ್ಕೆ ಜರ್ಮನ್ ಟೆಂಟ್ ಸಾಕು, ಅದೇ ಚೌಕಟ್ಟು ಜೋಡ್ಸಿ ಎಬ್ಬಿಸೋ ದೊಡ್ಡ ಟೆಂಟು.

ಸಾಲಗಾಮೆರಸ್ತೆ | ಸಂಜೆ 6.10
ಮಳೆಗೆ ಜರ್ಮನ್ ಟೆಂಟ್ ಸರಿ, ಶಬ್ದಕ್ಕೆ ಆಗಲ್ಲ, ವಕೀಲರು ಹೇಳಿದ್ದು ಅದನ್ನೇ. ನಾನು ಐದು ಸಾವಿರ ಬಿಡ್ತೀನಿ. ಸಾವಿರ ಸೀಟು ಅಂತಿಟ್ಕೊಳ್ಳಿ. ಬೆಂಗಳೂರಲ್ಲಿ ಶುಕ್ರವಾರ ಹಾಡಿದ ಬ್ಯಾಂಡು ಭಾನುವಾರ ಮಂಗಳೂರಿಗೆ ಹೋಗೋದಿದ್ರೆ ಶನಿವಾರ ದಾರಿಯಲ್ಲಿ ನಮ್ಮಲ್ಲಿ ಇಳಿಯಬಹುದಲ್ವಾ?

ಬೆಂಗ್ಳೂರ್‌ಸೇರ್ದೋನು | ಸಂಜೆ 6.35
ದಾರಿ ಸರಿ, ದಿನ ತಪ್ಪು. ಶನಿವಾರ ಅಂದ್ರೆ ಬ್ಯಾಂಡಿನ ಸಂಪಾದನೆ ದಿನ. ಅದನ್ನ ಹಾಸನಕ್ಕೆ ಯಾರೂ ಕೊಡಲ್ಲ. ನಿಂಗೆ ಸಿಗೋದು ಬುಧವಾರ, ಗುರುವಾರ. ಆ ದಿನ ಅವರು ಹೆಂಗೂ ಖಾಲಿ ಕೂತಿರ್ತಾರೆ, ರೇಟೂ ಇಳೀತಾರೆ. ವಾರದ ಮಧ್ಯೆ ಏಳುನೂರು ಜನ ಬರ್ತಾರೆ ಅಂತ ಯಾರಾದ್ರೂ ನನ್ನ ನಂಬಿಸಿದ್ರೆ ನಾಳೆನೇ ಇಬ್ಬರು ಮೂವರು ಮ್ಯಾನೇಜರ್‌ಗೆ ಫೋನ್ ಮಾಡ್ತೀನಿ. ಅವರ ಮೊದಲ ಪ್ರಶ್ನೆ ಹಾಲ್ ಯಾವುದು ಅಂತ ಇರಲ್ಲ, ಹಿಂದಿನ ಸಲ ಅಲ್ಲಿ ಯಾರು ಮಾಡಿದ್ರು, ಎಷ್ಟು ಟಿಕೆಟ್ ಹೋಯ್ತು, ಅಡ್ವಾನ್ಸ್ ಯಾವಾಗ ಅಂತ. ಹಾಸನದಿಂದ ಹೇಳೋಕೆ ಆ ಹಿಂದಿನ ಸಲವೇ ಇಲ್ಲ.

ಮೈಕ್‌ಸೆಟ್ಟು | ಸಂಜೆ 7.15
ಸಾವಿರ ಸೀಟಿನದಾದ್ರೆ ನಾನು ಕೇಳೋದು ಇಷ್ಟು. ಸ್ಟೇಜಿನ ಹಿಂದೆ ಲಾರಿ ಹಿಮ್ಮುಖವಾಗಿ ಬಂದು ಸ್ಟೇಜಿನ ಮಟ್ಟಕ್ಕೇ ನಿಲ್ಲೋ ರ‍್ಯಾಂಪು. ಈಗ ಎಷ್ಟೋ ಕಡೆ ಡಬ್ಬಗಳನ್ನ ಹೆಗಲ ಮೇಲೆ ಮೆಟ್ಟಿಲು ಹತ್ತಿಸ್ತೀವಿ, ಹುಡುಗರ ಬೆನ್ನು ಹೋಗುತ್ತೆ. ಚಾವಣೀಲಿ ತೂಕ ಬರೆದ ಕೊಕ್ಕೆ. ಸ್ಟೇಜಿನ ಪಕ್ಕದಲ್ಲೇ ತ್ರೀ ಫೇಸ್, ಸೌಂಡಿಗೆ ಬೇರೆ, ಲೈಟಿಗೆ ಬೇರೆ, ಇಲ್ಲಾಂದ್ರೆ ಲೈಟ್ ಡಿಮ್ ಮಾಡಿದಾಗೆಲ್ಲ ಸ್ಪೀಕರ್ ಝುಂಯ್ ಅನ್ನುತ್ತೆ. ಮಿಕ್ಸರ್ ಹಾಲಿನ ಮಧ್ಯದಲ್ಲಿ, ಮೂಲೆಯ ಗಾಜಿನ ಕೋಣೇಲಿ ಅಲ್ಲ. ನಾನು ಜನ ಕೇಳೋದನ್ನೇ ಕೇಳಬೇಕು. ಕುರ್ಚಿ ಮುಂದಿನ ಭಾಗದಲ್ಲಿ ತೆಗೆಯೋ ಹಂಗಿರ್ಲಿ, ಆಗ ಸಾಲಗಾಮೆ ಹುಡುಗ ಕುಣೀಬಹುದು. ಗ್ರೀನ್ ರೂಮಲ್ಲಿ ನೀರು ಬರೋ ಶೌಚಾಲಯ. ಇದನ್ನ ಕೊನೆಗೆ ಹೇಳಿದ್ದು, ಆದ್ರೆ ಕಲಾವಿದರು ಊರು ಬಿಟ್ಟ ಮೇಲೆ ನೆನಪಿಟ್ಕೊಳ್ಳೋದು ಇದನ್ನೇ.

ಲೆಕ್ಕದಕ್ಕ | ರಾತ್ರಿ 8.05
ಕಟ್ಟೋತನಕ ಕಾಯೋದು ಬೇಡ ಅಂತ ನನ್ನ ಸಲಹೆ. ಹಳೇ ಸಂಗೀತ ಸಭಾಗಳು ಮಾಡ್ತಿದ್ದ ಹಾಗೆ ಸದಸ್ಯತ್ವ. ವರ್ಷಕ್ಕೆ 2,000 ರೂಪಾಯಿ, ಆರು ಕಾರ್ಯಕ್ರಮ. 300 ಜನ ಸೇರಿದ್ರೆ ಕೈಯಲ್ಲಿ 6 ಲಕ್ಷ, ಒಂದಕ್ಕೆ ಒಂದು ಲಕ್ಷ. ಅದರ ಮೇಲೆ ಬಿಡಿ ಟಿಕೆಟ್. ಈಗಿರೋ ಹಾಲ್‌ಗಳಲ್ಲೇ ಮಾಡೋಣ, ಧ್ವನಿ ಎಷ್ಟಾಗುತ್ತೋ ಅಷ್ಟು. ಪಾಸ್ ಇಲ್ಲ ಅಂತ ಕರಪತ್ರದ ಮೊದಲ ಸಾಲಲ್ಲೇ ಅಚ್ಚು ಹಾಕ್ಸೋಣ. ಎರಡು ವರ್ಷ ನಡೆದ್ರೆ ಬೆಂಗ್ಳೂರ್‌ಸೇರ್ದೋನು ಕೇಳಿದ “ಹಿಂದಿನ ಸಲ ಎಷ್ಟು ಹೋಯ್ತು” ಅನ್ನೋದಕ್ಕೆ ಕೈಯಲ್ಲಿ ಲೆಕ್ಕ ಇರುತ್ತೆ. ಹಾಲ್ ಬೇಕು ಅಂತ ಶಾಸಕರ ಹತ್ರ ಹೋಗೋದಾದ್ರೂ ಅದೇ ಕಾಗದ ಹಿಡ್ಕೊಂಡು ಹೋಗ್ಬೇಕು.

ರುದ್ರಪಟ್ಟಣದ_ಮೊಮ್ಮಗಳು | ರಾತ್ರಿ 8.20
ನನ್ನ ಹೆಸರು ಬರೆದುಕೊಳ್ಳಿ. ಆರರಲ್ಲಿ ಎರಡಾದರೂ ಶಾಸ್ತ್ರೀಯ ಇರಬೇಕು. ಉಳಿದದ್ದು ಏನಾದರೂ ಹಾಕಿ, ಬಂದು ಕೂರುತ್ತೇನೆ.

ಸಾಲಗಾಮೆರಸ್ತೆ | ರಾತ್ರಿ 8.31
ಎರಡು ಹೆಸರು ಆಯ್ತು ಅಮ್ಮ, ನಿಮ್ದು, ನಂದು. ಹಾಲಿನ ಆಸೆ ಮಾತ್ರ ನಾನು ಬಿಟ್ಟಿಲ್ಲ.

ಆಲೂಗಡ್ಡೆಸೀಮೆ | ರಾತ್ರಿ 8.44
ನಾನೂ ಸೇರ್ತೀನಿ, ಆದ್ರೆ ಒಂದು ಕೇಳ್ತೀನಿ. ನಾವು ಹಳ್ಳಿಯೋರು ಬಸ್ಸಲ್ಲಿ ಬರೋರು. ಹತ್ತಕ್ಕೆ ಮುಗುದ್ರೆ ಅರಸೀಕೆರೆ ಕಡೆಯೋನು, ಅರಕಲಗೂಡು ಕಡೆಯೋನು ಹೆಂಗ್ ಮನೆಗೆ ಹೋಗಾದು?

ಮೈಕ್‌ಸೆಟ್ಟು | ರಾತ್ರಿ 8.50
ಆರೂವರೆಗೆ ಶುರು, ಒಂಬತ್ತಕ್ಕೆ ಮುಗಿಸೋದು. ಉದ್ಘಾಟನೆ, ಸನ್ಮಾನ, ಹಾರ ತುರಾಯಿ ಇಲ್ದಿದ್ರೆ ಎರಡೂವರೆ ಗಂಟೆ ಬೇಕಾದಷ್ಟಾಯ್ತು. ಡಿಪೋದಲ್ಲಿ ನಮ್ಮೋರೊಬ್ಬರಿದ್ದಾರೆ, ಕೊನೆ ಬಸ್ಸಿನ ಟೈಮ್ ಸೋಮವಾರ ವಿಚಾರಿಸಿ ಇಲ್ಲಿ ಹಾಕ್ತೀನಿ.